ಕೋಲಾರ ಸೀಮೆಯ ವಿಮಾನಚಿತ್ರಗಳು: ಒಂದು ಆಕರವಿಮರ್ಶೆ

೧

ಶಿಲ್ಪಶಾಸ್ತ್ರದ ಪರಿಭಾಷೆಯಲ್ಲಿ ವಿಮಾನವೆಂದರೆ ಗರ್ಭಗೃಹವನ್ನೂ ಅದರ ಮೇಲಣ ಶಿಖರವನ್ನೂ ಒಳಗೊಂಡ ದೇವಾಲಯದ ಪ್ರಧಾನಾಂಗ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆತಲಾಂತರದಿಂದ ಕಲ್ಲಿನಲ್ಲಿಯೂ ಪಂಚಲೋಹದಲ್ಲಿಯೂ ವಿಗ್ರಹಗಳನ್ನು ರೂಪಿಸುತ್ತ ಬಂದಿರುವ ಶಿಲ್ಪಿಗಳ ಕಸುಬಿಗೆ ಸೇರಿದ ಅರ್ಥ ಇದು. ರಾಮಾಯಣವನ್ನು ಕೇಳಿ ಬೆಳೆದವರಿಗೆ ಅದೇ ಶಬ್ದ ಪುಷ್ಪಕವನ್ನು ನೆನಪಿಗೆ ತರುತ್ತದೆ. ಇಂದಿನ ವಿದ್ಯಾರ್ಥಿಗೆ ಅದು ಹಾರುವ ಯಂತ್ರವಲ್ಲದೆ ಬೇರೆಯಲ್ಲ. ಶಬ್ದವೊಂದು ಅರ್ಥಾಂತರಗಳನ್ನು ಪಡೆಯುವುದು ಭಾಷೆಯ ಸ್ವಭಾವ. ಅದರಲ್ಲಿ ಸೋಜಿಗವೇನೂ ಇಲ್ಲ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನೊಳಗೊಂಡ ಈ ಸೀಮೆಯಲ್ಲಿ ಮೂರು ಅರ್ಥಗಳೂ ಒಂದಕ್ಕೊಂದು ಹತ್ತಿರದಲ್ಲಿಯೇ ನೆಲೆಗೊಂಡಿರುವುದು ಇತಿಹಾಸಕಾರನ ಗಮನಕ್ಕೆ ಅರ್ಹವಾದ ಸಂಗತಿ.

ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ನೊಳಂಬರ ಕಾಲದ ದೇವಾಲಯಸಮೂಹವಿದೆ. ಸ್ಥಳಪುರಾಣವು ಆ ಕ್ಷೇತ್ರವನ್ನು ವಾಲ್ಮೀಕಿಯ ಆಶ್ರಮವೆಂದೂ ಲವಕುಶರ ಜನ್ಮಭೂಮಿಯೆಂದೂ ವರ್ಣಿಸುತ್ತದೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ‘ವೈಮಾನಿಕ ಶಾಸ್ತ್ರ’ವನ್ನು ಹೇಳಿ ಬರೆಯಿಸಿದ ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳು ತಮಗೆ ವಿದ್ಯೆಯನ್ನು ಅನುಗ್ರಹಿಸಿದ ಸಿದ್ಧಪುರುಷರನ್ನು ಕಂಡದ್ದು ಕೋಲಾರ ಸೀಮೆಯ ಈ ಆವಣಿಯಲ್ಲಿಯೇ ಎಂದು ಅವರ ಜೀವನವೃತ್ತಾಂತ ತಿಳಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೪ರಲ್ಲಿ, ಕೋಲಾರದ ವಿಮಾನಭೂಮಿಯಿಂದ ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನ ನಾಲ್ಕು ಎಂಜಿನುಗಳ ಭಾರೀ ಬಾಂಬರುಗಳು ಹಾರಾಡಿದುವು. ಹೀಗೆ ಮೊದಲನೆಯ ವಿಮಾನಕ್ಕೆ ಕಲ್ಲು ಸಾಕ್ಷಿ. ಎರಡನೆಯದಕ್ಕೆ ಚಿತ್ರಗಳುಂಟು, ಯಂತ್ರವಿಲ್ಲ. ಮೂರನೆಯದಕ್ಕೆ ಯಂತ್ರಗಳಿದ್ದುವು, ಅವುಗಳ ಚಿತ್ರಗಳು ಮಾತ್ರ ಕಡಲಾಚೆಯ ಮನೆಗಳಲ್ಲಿ ಚದುರಿಹೋಗಿವೆ.

ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಕಡೆಯ ಎರಡು ವರ್ಗದ ಚಿತ್ರಗಳನ್ನು. ಇವುಗಳ ವಿಷಯದಲ್ಲಿ ನಮ್ಮಲ್ಲಿ ಬೇರೂರಿರುವ ಒಂದು ಅಭ್ಯಾಸವನ್ನು ವಿಮರ್ಶೆಗೆ ಒಳಪಡಿಸುವುದು ನಮ್ಮ ಉದ್ದೇಶ. ಆ ಅಭ್ಯಾಸವೆಂದರೆ, ಚಿತ್ರವನ್ನು ನೋಡುವುದಕ್ಕೆ ಮೊದಲೇ ಅದರ ಕೆಳಗಿನ ಶೀರ್ಷಿಕೆಯನ್ನು ನಂಬುವುದು. ಛಾಯಾಚಿತ್ರವು ತಾನಾಗಿ ಸುಳ್ಳು ಹೇಳುವುದು ವಿರಳ. ಅದರ ಕೆಳಗೆ ಇನ್ನೊಬ್ಬರು ಇನ್ನೊಂದು ಕಾಲದಲ್ಲಿ ಬರೆದ ಎರಡು ಸಾಲುಗಳೇ ಪ್ರಾಯಶಃ ದಾರಿ ತಪ್ಪಿಸುತ್ತವೆ. ಈ ಮಾತು ಸರ್ವವಿದಿತವೆಂದು ತೋರಬಹುದು. ಆದರೂ ಸ್ಮರಣಸಂಚಿಕೆಗಳಲ್ಲಿ, ಪತ್ರಿಕೆಗಳ ವಿಶೇಷಪುರವಣಿಗಳಲ್ಲಿ, ಕೆಲವೊಮ್ಮೆ ಪ್ರೌಢಪ್ರಬಂಧಗಳಲ್ಲಿಯೂ ಆಕರವನ್ನು ಹೇಳದೆ ವಿಮಾನಚಿತ್ರಗಳನ್ನು ಅಚ್ಚುಹಾಕುವ ಪದ್ಧತಿ ನಡೆದುಬಂದಿರುವುದರಿಂದ ಇದನ್ನು ಮತ್ತೆ ಹೇಳಬೇಕಾಗಿದೆ.

೨

ಶಾಸನವೊಂದು ದೊರೆತಾಗ ನಮ್ಮ ವಿದ್ವಾಂಸರು ಅನುಸರಿಸುವ ಕ್ರಮ ಸುಸ್ಪಷ್ಟವಾಗಿದೆ. ಕಲ್ಲು ಇರುವ ಸ್ಥಳ, ಅದು ಮೊದಲಿನಿಂದಲೂ ಅಲ್ಲಿಯೇ ಇತ್ತೋ ಬೇರೆಡೆಯಿಂದ ಬಂದುದೋ ಎಂಬುದು, ಲಿಪಿಯ ಕಾಲ, ಭಾಷೆಯ ಕಾಲ, ಹೇಳಿರುವ ತಿಥಿವಾರಗಳ ಹೊಂದಾಣಿಕೆ, ಇವೆಲ್ಲವನ್ನೂ ಪರಿಶೀಲಿಸಿದ ಮೇಲೆಯೇ ಅದರ ಮಾತಿಗೆ ಪ್ರಾಮಾಣ್ಯ ಕೊಡುತ್ತಾರೆ. ಬಿ. ಎಲ್. ರೈಸರು ೧೯೦೫ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ ಲಾಗಾಯತು ಈ ಶಿಸ್ತು ನಮ್ಮಲ್ಲಿ ನೆಲೆಯೂರಿದೆ. ಒಂದು ವೀರಗಲ್ಲಿಗೆ ನಾವು ಸಲ್ಲಿಸುವ ಈ ಎಚ್ಚರಿಕೆಯನ್ನು ಒಂದು ಛಾಯಾಚಿತ್ರಕ್ಕೆ ಸಲ್ಲಿಸದೆ ಇರುವುದಕ್ಕೆ ಕಾರಣವೇನು? ಕ್ಯಾಮೆರಾ ಯಂತ್ರವಾದ್ದರಿಂದ ಅದು ಪಕ್ಷಪಾತವಿಲ್ಲದ ಸಾಕ್ಷಿ ಎಂಬ ಭಾವನೆಯೇ ಕಾರಣವೆಂದು ನಮಗೆ ತೋರುತ್ತದೆ. ಆದರೆ ಯಂತ್ರವು ತನ್ನ ಮುಂದಿದ್ದುದನ್ನು ಮಾತ್ರ ಹಿಡಿಯುತ್ತದೆ. ಅದು ಯಾವ ಊರು, ಯಾವ ವರ್ಷ, ಯಾರ ಮುಖ ಎಂಬುದನ್ನು ಹೇಳುವವರು ಮನುಷ್ಯರು.

ಪ್ರಾಮಾಣ್ಯದಲ್ಲಿ ಕೊರತೆಯಿಲ್ಲದ ಚಿತ್ರ ಹೇಗಿರುತ್ತದೆಂಬುದಕ್ಕೆ ವಿಮಾನಯಾನದ ಇತಿಹಾಸದ ಆದಿಯಲ್ಲಿಯೇ ಮಾದರಿಯೊಂದಿದೆ. ೧೯೦೩ನೆಯ ಡಿಸೆಂಬರ್ ೧೭ರಂದು ರೈಟ್ ಸೋದರರ ಯಂತ್ರ ನೆಲಬಿಟ್ಟೇಳುತ್ತಿರುವ ಚಿತ್ರವನ್ನು ತೆಗೆದವನು ಜಾನ್ ಡೇನಿಯಲ್ಸ್ ಎಂಬ ಕರಾವಳಿ ರಕ್ಷಣಾಠಾಣೆಯ ನೌಕರ. ಕ್ಯಾಮೆರಾವನ್ನು ಅಣಿಗೊಳಿಸಿ ನಿಲ್ಲಿಸಿದವನು ಆರ್ವಿಲ್ ರೈಟ್. ತೆಗೆದವನು, ದಿನ, ಸ್ಥಳ, ಮೂಲ ಗಾಜುಫಲಕ ಎಲ್ಲವೂ ಗೊತ್ತು. ಆ ಫಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ.

ಇದಕ್ಕೆ ಪ್ರತಿಯಾದ ಎರಡು ನಿದರ್ಶನಗಳನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ಉಪಯುಕ್ತ. ರೈಟ್ ಸೋದರರಿಗಿಂತ ಎರಡು ವರ್ಷ ಮೊದಲೇ, ೧೯೦೧ರಲ್ಲಿ, ಗುಸ್ತಾವ್ ವೈಟ್‌ಹೆಡ್ ಎಂಬವನು ಅಮೆರಿಕದ ಕನೆಕ್ಟಿಕಟ್ಟಿನಲ್ಲಿ ಹಾರಿದನೆಂಬ ವಾದವೊಂದುಂಟು. ೧೯೦೬ರ ವಸ್ತುಪ್ರದರ್ಶನವೊಂದರ ಛಾಯಾಚಿತ್ರದಲ್ಲಿ ಗೋಡೆಯ ಮೇಲೆ ತೂಗುಹಾಕಿದ್ದ ಮಸುಕಾದ ಪಟವೊಂದು ಅವನ ಹಾರಾಟದ್ದೇ ಎಂದು ೨೦೧೩ರಲ್ಲಿ ಪ್ರಚಾರವಾಯಿತು. ಅದೇ ವರ್ಷ ಕನೆಕ್ಟಿಕಟ್ ಸಂಸ್ಥಾನವು ವೈಟ್‌ಹೆಡ್ಡನಿಗೆ ಅಗ್ರಸ್ಥಾನ ಕೊಟ್ಟು ಶಾಸನವನ್ನೇ ರಚಿಸಿತು. ಆ ಮಸುಕು ಪಟ ಕ್ಯಾಲಿಫೋರ್ನಿಯದ ಜಾನ್ ಮಾಂಟ್‌ಗೊಮೆರಿಯ ೧೯೦೫ರ ಗ್ಲೈಡರಿನದೆಂದು ಸಂಶೋಧಕ ಕ್ಯಾರಲ್ ಗ್ರೇ ತೋರಿಸಿಕೊಟ್ಟರು. ಎರಡನೆಯದು ೧೯೩೭ರ ಜುಲೈಯಲ್ಲಿ ಪೆಸಿಫಿಕ್ ಸಾಗರದ ಮೇಲೆ ಕಣ್ಮರೆಯಾದ ವೈಮಾನಿಕೆ ಅಮೇಲಿಯಾ ಇಯರ್‌ಹಾರ್ಟಳಿಗೆ ಸಂಬಂಧಿಸಿದ್ದು. ಮಾರ್ಷಲ್ ದ್ವೀಪಗಳ ಹಡಗುಕಟ್ಟೆಯ ಚಿತ್ರವೊಂದರಲ್ಲಿ ಬೆನ್ನು ತಿರುಗಿಸಿ ಕುಳಿತಿರುವವಳು ಅವಳೇ ಎಂದು ೨೦೧೭ರಲ್ಲಿ ದೂರದರ್ಶನದ ಸಾಕ್ಷ್ಯಚಿತ್ರವೊಂದು ಸಾರಿತು. ಜಪಾನಿನ ಆಸಕ್ತರೊಬ್ಬರು ತಮ್ಮ ರಾಷ್ಟ್ರೀಯ ಗ್ರಂಥಾಲಯದ ಸಂಗ್ರಹದಲ್ಲಿ ಅರ್ಧಗಂಟೆ ಹುಡುಕಿ, ಅದೇ ಚಿತ್ರವು ೧೯೩೫ರಲ್ಲಿ ಅಚ್ಚಾದ ಪ್ರವಾಸಗ್ರಂಥವೊಂದರಲ್ಲಿರುವುದನ್ನು ಎತ್ತಿತೋರಿಸಿದರು. ಆಕೆ ಕಣ್ಮರೆಯಾಗುವುದಕ್ಕೆ ಎರಡು ವರ್ಷ ಮೊದಲೇ ಪ್ರಕಟವಾದ ಚಿತ್ರದಲ್ಲಿ ಆಕೆಯ ಸೆರೆಯ ಕಥೆ ಇರಲಾರದು.

ಈ ಎರಡು ಪ್ರಸಂಗಗಳಲ್ಲಿಯೂ ಚಿತ್ರಗಳು ಕೃತ್ರಿಮವಾದುವಲ್ಲ ಎಂಬುದನ್ನು ಲಕ್ಷಿಸಬೇಕು. ಎರಡೂ ಸಾಚಾ ಚಿತ್ರಗಳೇ. ಕೆಟ್ಟದ್ದು ಶೀರ್ಷಿಕೆ. ಗೂಢವನ್ನು ಬಿಡಿಸಿದ್ದು ಕಣ್ಣಿನ ಚಾತುರ್ಯವಲ್ಲ, ಆಕರದ ಅನ್ವೇಷಣೆ. ಈ ಒಂದು ಸೂತ್ರವನ್ನು ಹಿಡಿದುಕೊಂಡು ನಮ್ಮ ಸೀಮೆಯ ಚಿತ್ರಗಳತ್ತ ತಿರುಗಬಹುದು.

೩

ಮೊದಲು ಆವಣಿಯ ಕಥೆಯೊಡನೆ ಹೆಣೆದುಕೊಂಡಿರುವ ‘ವೈಮಾನಿಕ ಶಾಸ್ತ್ರ’ದ ಚಿತ್ರಗಳು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಈ ಪಟಗಳು ಛಾಯಾಚಿತ್ರಗಳಲ್ಲ, ರೇಖಾಚಿತ್ರಗಳು. ಆದರೂ ಪ್ರಾಚೀನ ವಿಮಾನಗಳ ಪ್ರತ್ಯಕ್ಷ ಪ್ರತಿಕೃತಿಗಳೋ ಎಂಬಂತೆ ಅವು ಪ್ರಚಾರದಲ್ಲಿರುವುದರಿಂದ ಇಲ್ಲಿ ಅವುಗಳ ವಿಚಾರ ಅಪ್ರಸ್ತುತವಾಗದು.

ಇವುಗಳ ಪೂರ್ವಾಪರ ಹೀಗಿದೆ. ಸುಬ್ಬರಾಯಶಾಸ್ತ್ರಿಗಳು ೧೯೧೮ರಿಂದ ೧೯೨೩ರವರೆಗೆ ಶ್ಲೋಕಗಳನ್ನು ಹೇಳುತ್ತ ಹೋದರು, ವೆಂಕಟಾಚಲಶರ್ಮರು ಬರೆದುಕೊಂಡರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಕಾಸೆಗಾರರಾಗಿದ್ದ ಟಿ. ಕೆ. ಎಲ್ಲಪ್ಪನವರು ಶಾಸ್ತ್ರಿಗಳ ವಿವರಣೆಯಂತೆ ೧೯೨೩ರಲ್ಲಿ ಚಿತ್ರಗಳನ್ನು ಬರೆದರು. ೧೯೪೪ರ ವೇಳೆಗೆ ಹಸ್ತಪ್ರತಿಯ ನಕಲೊಂದು ಬರೋಡೆಯ ಗ್ರಂಥಾಲಯದಲ್ಲಿತ್ತು. ೧೯೫೯ರಲ್ಲಿ ಹಿಂದಿ ಅನುವಾದವೂ, ೧೯೭೩ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಅವರ ಇಂಗ್ಲಿಷ್ ಅನುವಾದಸಹಿತ ಆವೃತ್ತಿಯೂ ಹೊರಬಂದುವು. ಮರುವರ್ಷವೇ, ೧೯೭೪ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಎಂಬ ಐವರು ವಿದ್ವಾಂಸರು ಗ್ರಂಥವನ್ನೂ ಚಿತ್ರಗಳನ್ನೂ ಪರೀಕ್ಷಿಸಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಗ್ರಂಥದ ಕಾಲ ೧೯೦೪ಕ್ಕಿಂತ ಹಿಂದಕ್ಕೆ ಹೋಗದು. ಅದರ ಸಂಸ್ಕೃತ ವೈದಿಕಸಂಸ್ಕೃತವಲ್ಲ. ಚಿತ್ರಿಸಿರುವ ಯಾವ ವಿಮಾನಕ್ಕೂ ಹಾರುವ ಗುಣಲಕ್ಷಣಗಳಿಲ್ಲ. ಇವು ಅವರ ನಿರ್ಣಯದ ಮುಖ್ಯಾಂಶಗಳು. ಇಷ್ಟಾದರೂ ೨೦೧೫ರ ಜನವರಿಯಲ್ಲಿ ಮುಂಬಯಿಯಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಗೋಷ್ಠಿಯೊಂದರಲ್ಲಿ ಈ ಗ್ರಂಥವು ಮತ್ತೊಮ್ಮೆ ಪ್ರಾಚೀನ ಪ್ರಮಾಣವಾಗಿ ಉಲ್ಲೇಖಗೊಂಡಿತು.

ಯಂತ್ರಶಾಸ್ತ್ರಜ್ಞರ ತೀರ್ಪು ಯಂತ್ರದ ಮಟ್ಟಿಗೆ ಪರಿಪೂರ್ಣವಾಗಿದೆ. ಆದರೆ ಇತಿಹಾಸಕಾರನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲವೆಂದು ನಮ್ಮ ಅಭಿಪ್ರಾಯ. ಚಿತ್ರಗಳು ಪ್ರಾಚೀನವಲ್ಲವೆಂದು ಸಿದ್ಧವಾದ ಮಾತ್ರಕ್ಕೆ ಅವನ್ನು ಬಿಸುಡುವುದು ಶಾಸನದ ಕಾಲ ಈಚಿನದೆಂದು ತಿಳಿದೊಡನೆ ಕಲ್ಲನ್ನು ಒಡೆದಂತೆ. ಅವುಗಳ ಕಾಲವನ್ನು ತಿದ್ದಿ ಮತ್ತೆ ಓದಬೇಕು. ೧೯೧೧ನೆಯ ಫೆಬ್ರವರಿ ೧೮ರಂದು ಅಲಹಾಬಾದಿನಲ್ಲಿ ಹೆನ್ರಿ ಪೆಕೆ ಎಂಬ ಫ್ರೆಂಚ್ ವೈಮಾನಿಕ ಟಪಾಲು ಚೀಲವನ್ನು ಹೊತ್ತು ಯಮುನಾನದಿಯನ್ನು ಹಾರಿದಾಟಿದ್ದನು. ೧೯೧೪ರಿಂದ ೧೯೧೮ರವರೆಗಿನ ಮಹಾಯುದ್ಧದಲ್ಲಿ ವಿಮಾನಗಳ ಚಿತ್ರಗಳು ವೃತ್ತಪತ್ರಿಕೆಗಳ ನಿತ್ಯದ ಸಾಮಗ್ರಿಯಾಗಿದ್ದುವು. ಇಂಥ ಕಾಲದಲ್ಲಿ ಸಂಸ್ಕೃತ ಪಂಡಿತರೊಬ್ಬರು ಹಾರುವ ಯಂತ್ರವನ್ನು ಶ್ಲೋಕದಲ್ಲಿ ಕಂಡರು. ಆಧುನಿಕ ಶಿಕ್ಷಣ ಪಡೆದ ನಕಾಸೆಗಾರರೊಬ್ಬರು ಅದನ್ನು ಅಳತೆಪಟ್ಟಿ ಹಿಡಿದು ಕಾಗದಕ್ಕಿಳಿಸಿದರು. ೧೯೨೩ರ ಮೈಸೂರು ಸೀಮೆಯ ಮನಸ್ಸು ಪಾಶ್ಚಾತ್ಯ ಯಂತ್ರವಿದ್ಯೆಯನ್ನು ಯಾವ ಪರಿಭಾಷೆಯಲ್ಲಿ ಎದುರುಗೊಂಡಿತೆಂಬುದಕ್ಕೆ ಇವು ಉತ್ತಮ ಆಕರಗಳು. ತ್ರೇತಾಯುಗಕ್ಕೆ ಇವು ಸಾಕ್ಷಿಯಲ್ಲ, ತಮ್ಮ ಕಾಲಕ್ಕೆ ಸಾಕ್ಷಿ.

ಈ ಸಂದರ್ಭದಲ್ಲಿ ಶಿವಾರಪಟ್ಟಣದ ಕಸುಬಿನಿಂದ ಕಲಿಯತಕ್ಕ ಪಾಠವೊಂದಿದೆ. ಮೂರ್ತಿಶಿಲ್ಪದಲ್ಲಿ ಲಕ್ಷಣವೆಂದರೆ ತಾಳ, ಅಂಗುಲಗಳ ಲೆಕ್ಕ. ಕಾಗದದ ಮೇಲೆ ಬರೆದ ರೇಖೆ ಕಲ್ಲಿನ ಮೈಗೆ ಬಂದಾಗ ಅಳತೆ ಕೂಡದಿದ್ದರೆ ಕೈ ಮುರಿಯುತ್ತದೆ, ಭಾರ ವಾಲುತ್ತದೆ. ಶಾಸ್ತ್ರವಾಕ್ಯದ ಪ್ರಾಚೀನತೆ ಕಲ್ಲನ್ನು ನಿಲ್ಲಿಸುವುದಿಲ್ಲ. ೧೯೭೪ರ ಐವರು ವಿಮರ್ಶಕರು ವಿಮಾನದ ಚಿತ್ರಗಳಿಗೆ ಒಡ್ಡಿದ ಪರೀಕ್ಷೆ ತತ್ತ್ವತಃ ಇದೇ. ಅದನ್ನು ಪರಂಪರೆಗೆ ಎಸಗಿದ ಅವಿಶ್ವಾಸವೆಂದು ಬಗೆಯುವವರು ಪರಂಪರೆಯ ಕಸುಬುದಾರರನ್ನೇ ಮರೆಯುತ್ತಾರೆ.

೪

ಇನ್ನು ನಿಜವಾಗಿ ಹಾರಿದ ವಿಮಾನಗಳ ವಿಷಯ. ೧೯೪೨ರಲ್ಲಿ ಬರ್ಮಾದೇಶ ಜಪಾನೀಯರ ವಶವಾದ ಮೇಲೆ ಭಾರತದಲ್ಲಿ ಇನ್ನೂರಕ್ಕೂ ಮಿಕ್ಕಿ ವಿಮಾನಭೂಮಿಗಳನ್ನು ನಿರ್ಮಿಸುವ ಕಾರ್ಯ ಆರಂಭವಾಯಿತು. ಶತ್ರುವಿನ ಕೈಗೆ ಎಟುಕದ ದಕ್ಷಿಣದ ಪ್ರಸ್ಥಭೂಮಿ ತರಬೇತಿಗೂ ದುರಸ್ತಿಗೂ ಅನುಕೂಲವಾದ ನೆಲೆಯೆನಿಸಿತು. ಬೆಂಗಳೂರಿನ ಬಳಿಯ ಯಲಹಂಕದಲ್ಲಿ ಒಂದೇ ಎಂಜಿನಿನ ಥಂಡರ್‌ಬೋಲ್ಟ್ ಕಾದಾಟದ ವಿಮಾನಗಳ ತರಬೇತಿ ನಡೆಯಿತು. ಕೋಲಾರದಲ್ಲಿ ರಾಯಲ್ ಏರ್ ಫೋರ್ಸಿನ ೧೬೭೩ನೆಯ ಭಾರೀ ವಿಮಾನ ಪರಿವರ್ತನ ಘಟಕ ನೆಲೆಸಿತು. ಸಣ್ಣ ಬಾಂಬರುಗಳನ್ನು ನಡೆಸಿ ರೂಢಿಯಿದ್ದ ವೈಮಾನಿಕರಿಗೆ ನಾಲ್ಕು ಎಂಜಿನುಗಳ ಲಿಬರೇಟರ್ ಬಾಂಬರನ್ನು ನಡೆಸಲು ಕಲಿಸುವುದು ಇದರ ಕೆಲಸ. ವೆಲಿಂಗ್ಟನ್ ವಿಮಾನಗಳನ್ನು ಬಿಟ್ಟುಕೊಟ್ಟ ೨೧೫ನೆಯ ದಳ ೧೯೪೪ರಲ್ಲಿ ಲಿಬರೇಟರಿಗೆ ಬದಲಾದದ್ದು ಕೋಲಾರದಲ್ಲಿ. ಅದೇ ವರ್ಷದ ನವೆಂಬರ್ ೮ರಂದು ಈ ತರಬೇತಿ ಘಟಕದಿಂದಲೇ ೩೫೮ನೆಯ ದಳ ಕೋಲಾರದಲ್ಲಿ ಹುಟ್ಟಿತು. ೧೯೪೫ರ ಜನವರಿಯಲ್ಲಿ ಬಂಗಾಳದ ದಿಗ್ರಿಗೆ ತೆರಳಿದ ಆ ದಳವು ಒಂದೇ ಒಂದು ಬಾಂಬುದಾಳಿಯನ್ನು ನಡೆಸಿದ ಬಳಿಕ ಗುಪ್ತಕಾರ್ಯಕ್ಕೆ ನಿಯುಕ್ತವಾಗಿ, ಬರ್ಮಾ, ಸಯಾಂ, ಇಂಡೋಚೀನಗಳ ಕಾಡುಗಳಲ್ಲಿ ಗೂಢಚಾರರನ್ನೂ ಸಾಮಗ್ರಿಗಳನ್ನೂ ಕೊಡೆಗಳ ಮೂಲಕ ಇಳಿಸುತ್ತಿತ್ತು. ೧೯೪೫ರ ನವೆಂಬರಿನಲ್ಲಿ ವಿಸರ್ಜನೆಗೊಂಡಿತು.

ಬ್ರಿಟನ್, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ತರುಣರು ಈ ದಳಗಳಲ್ಲಿದ್ದರು. ಅವರು ಊರಿಗೆ ಒಯ್ದ ಆಲ್ಬಮ್ಮುಗಳಲ್ಲಿ ವಿಮಾನದ ರೆಕ್ಕೆಯ ನೆರಳಲ್ಲಿ ನಿಂತ ಗುಂಪುಗಳು, ಡೇರೆಗಳು, ಬಂಡೆಗುಡ್ಡಗಳು, ಸಂತೆಬೀದಿಗಳು ಕಾಣುತ್ತವೆ. ಇಂಥ ಪಟಗಳ ಬೆನ್ನಿನ ಬರಹ ಸಾಮಾನ್ಯವಾಗಿ ‘ಇಂಡಿಯ’ ಎಂಬ ಒಂದು ಮಾತು, ಹೆಚ್ಚೆಂದರೆ ‘ಬೆಂಗಳೂರು’ ಅಥವಾ ‘ಕೋಲಾರ’. ಇದರಲ್ಲಿ ರಹಸ್ಯವೇನೂ ಇಲ್ಲ. ಯುದ್ಧಕಾಲದ ತನಿಖೆಯ ಫಲ ಇದು. ವಿಮಾನನೆಲೆಗಳ ಹೆಸರನ್ನು ಬರೆಯುವುದು ನಿಷಿದ್ಧವಾಗಿತ್ತು. ಅಧಿಕೃತ ಛಾಯಾಚಿತ್ರಗಳ ಶೀರ್ಷಿಕೆಗಳೂ ಭಾರತದ ಒಂದು ಬಾಂಬರ್ ನೆಲೆ ಎಂಬಷ್ಟಕ್ಕೆ ನಿಲ್ಲುತ್ತಿದ್ದುವು. ತಂದೆ ತಾತಂದಿರು ಗತಿಸಿದ ಮೇಲೆ ಆಲ್ಬಂ ತೆರೆದ ಮಕ್ಕಳು ಮೊಮ್ಮಕ್ಕಳು ನೆನಪಿನಿಂದ, ಊಹೆಯಿಂದ ಹೆಸರುಗಳನ್ನು ತುಂಬಿದರು. ಹೀಗೆ ಶೀರ್ಷಿಕೆಗೆ ಚಿತ್ರಕ್ಕಿಂತ ಅರವತ್ತು ಎಪ್ಪತ್ತು ವರ್ಷ ಈಚಿನ ಕಾಲ ಬಂದೊದಗಿತು.

೫

ಇಂಥ ಚಿತ್ರವೊಂದು ಕೋಲಾರದ್ದೆಂದು ಕೈಗೆ ಬಂದಾಗ ಅದನ್ನು ಪರೀಕ್ಷಿಸುವ ಸಾಧನಗಳು ಯಾವುವು? ಚಿತ್ರದ ಒಳಗೇ ಇರುವ ನಾಲ್ಕು ಸಾಕ್ಷಿಗಳನ್ನು ಇಲ್ಲಿ ನಿರೂಪಿಸುತ್ತೇವೆ.

ಮೊದಲನೆಯದು ಲಾಂಛನ. ಬ್ರಿಟಿಷ್ ವಿಮಾನಗಳ ಮೇಲಣ ವೃತ್ತಲಾಂಛನದ ನಡುವೆ ಕೆಂಪು ಬೊಟ್ಟಿರುವುದು ವಾಡಿಕೆ. ಜಪಾನೀಯರ ಲಾಂಛನವಾದ ಕೆಂಪು ಸೂರ್ಯಬಿಂಬದೊಡನೆ ಅದು ಭ್ರಾಂತಿಯನ್ನುಂಟುಮಾಡುತ್ತದೆಂದು ಈ ರಣರಂಗದಲ್ಲಿ ಕೆಂಪನ್ನು ತೆಗೆದು, ಗಾಢನೀಲಿಯ ನಡುವೆ ತಿಳಿನೀಲಿ ಅಥವಾ ಬಿಳಿಯ ಬೊಟ್ಟನ್ನಿಟ್ಟರು. ಆದ್ದರಿಂದ ೧೯೪೪ರ ಕೋಲಾರದ ಲಿಬರೇಟರಿನ ಲಾಂಛನದ ನಡುಭಾಗ ತಿಳಿಯಾಗಿರಬೇಕು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕಪ್ಪುಬಿಳುಪಿನ ಫಿಲ್ಮುಗಳೆಲ್ಲ ಬಣ್ಣಗಳನ್ನು ಒಂದೇ ರೀತಿಯಾಗಿ ಗ್ರಹಿಸುವುದಿಲ್ಲ. ಆರ್ಥೊಕ್ರೊಮ್ಯಾಟಿಕ್ ಎಂಬ ಹಳೆಯ ಬಗೆಯ ಫಿಲ್ಮಿನಲ್ಲಿ ಕೆಂಪು ಹೆಚ್ಚುಕಡಿಮೆ ಕಪ್ಪಾಗಿಯೂ ನೀಲಿ ಪೇಲವವಾಗಿಯೂ ಬೀಳುತ್ತವೆ. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಇವು ಸಮೀಪದ ಬೂದುಛಾಯೆಗಳಾಗುತ್ತವೆ. ಫಿಲ್ಮಿನ ಜಾತಿಯನ್ನು ಅರಿಯದೆ ಬಣ್ಣವನ್ನು ನಿಷ್ಕರ್ಷಿಸುವುದು ಸಲ್ಲದು.

ಎರಡನೆಯದು ಕ್ರಮಸಂಖ್ಯೆ. ಒಂದೇ ವಿಮಾನ ಎರಡು ಚರಿತ್ರೆಗಳಿಗೆ ಸೇರಬಹುದೆಂಬುದನ್ನು ಮರೆಯಬಾರದು. ಬೆಂಗಳೂರಿನಲ್ಲಿ ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಉದ್ಯಮಸಾಹಸದಿಂದಲೂ ಮೈಸೂರು ಸರ್ಕಾರದ ಸಹಾಯದಿಂದಲೂ ಸ್ಥಾಪಿತವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ೧೯೪೧ರಲ್ಲಿ ಹಾರ್ಲೋ ತರಬೇತಿ ವಿಮಾನವನ್ನೂ ೧೯೪೨ರಲ್ಲಿ ಹಾಕ್ ಕಾದಾಟದ ವಿಮಾನವನ್ನೂ ಹಾರಿಸಿ, ೧೯೪೩ರಿಂದ ಅಮೆರಿಕದ ವಾಯುಪಡೆಯ ದುರಸ್ತಿ ನೆಲೆಯಾಗಿ ದುಡಿಯಿತು. ಸ್ವಾತಂತ್ರ್ಯದ ಬಳಿಕ, ಕಾನ್ಪುರದಲ್ಲಿ ಬ್ರಿಟಿಷರು ಉಪಯೋಗಕ್ಕೆ ಬಾರದಂತೆ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರುಗಳಲ್ಲಿ ನಲವತ್ತರಷ್ಟನ್ನು ಇದೇ ಕಾರ್ಖಾನೆಯ ಕುಶಲಕರ್ಮಿಗಳು ಪುನರುಜ್ಜೀವನಗೊಳಿಸಿದರು. ಕಾರ್ಖಾನೆಯ ಪರೀಕ್ಷಾವೈಮಾನಿಕ ಜಮ್‌ಶೆಡ್ ಮುನ್ಷಿಯವರು ಅವನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ೧೯೪೮ರ ನವೆಂಬರಿನಿಂದ ೧೯೬೮ರವರೆಗೆ ಅವು ಭಾರತೀಯ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದುವು. ಬ್ರಿಟಿಷರ ಕೈಯಲ್ಲಿ ಕೆಎನ್ ೭೫೧ ಆಗಿದ್ದ ವಿಮಾನ ಭಾರತದಲ್ಲಿ ಎಚ್‌ಇ ೮೦೭ ಆಯಿತು; ೧೯೭೪ರಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿಗೆ ಉಡುಗೊರೆಯಾಗಿ ಹಿಂದಿರುಗಿತು. ಆದಕಾರಣ ಬೆಂಗಳೂರಿನ ಆಸುಪಾಸಿನ ಲಿಬರೇಟರ್ ಚಿತ್ರಗಳೆಲ್ಲವೂ ಮಹಾಯುದ್ಧದ ಕಾಲದವೆಂದು ತಿಳಿಯುವಂತಿಲ್ಲ. ಭಾರತೀಯ ಲಾಂಛನದಲ್ಲಿ ನಡುವೆ ಕೇಸರಿ, ಸುತ್ತ ಬಿಳಿ, ಹೊರಗೆ ಹಸಿರು; ಕಪ್ಪುಬಿಳುಪಿನಲ್ಲಿ ಇದು ಬ್ರಿಟಿಷರ ಕೆಂಪು ಬೊಟ್ಟಿನ ಲಾಂಛನವನ್ನೇ ಹೋಲುತ್ತದೆ. ಇಲ್ಲಿ ಸಂಶಯವನ್ನು ನಿವಾರಿಸುವುದು ಬಾಲದ ಸಮೀಪದ ಎಚ್‌ಇ ಎಂಬ ಅಕ್ಷರಗಳು ಮಾತ್ರ.

ಮೂರನೆಯದು ಭೂಮಿ. ಯಂತ್ರ ಹಾರಿಹೋಗುತ್ತದೆ, ಬೆಟ್ಟ ಹೋಗುವುದಿಲ್ಲ. ಲಿಬರೇಟರುಗಳ ಇತರ ನೆಲೆಗಳಾದ ಸಾಲ್ಬನಿ, ದಿಗ್ರಿ ಮುಂತಾದುವು ಬಂಗಾಳದ ಬಯಲುಸೀಮೆಯವು. ಹಿನ್ನೆಲೆಯಲ್ಲಿ ಬಂಡೆಗಳೊತ್ತಿದ ಗುಡ್ಡದ ಸಾಲು ಕಂಡರೆ ಚಿತ್ರ ಅಲ್ಲಿಯದಲ್ಲವೆಂದು ಹೇಳಬಹುದು. ಆದರೆ ಇಷ್ಟರಿಂದಲೇ ಅದು ಕೋಲಾರವಾಗದು. ದಕ್ಷಿಣ ಪ್ರಸ್ಥಭೂಮಿಯಲ್ಲಿ ಬಂಡೆಗುಡ್ಡಗಳಿಗೆ ಬರವಿಲ್ಲ. ಅಂತರಗಂಗೆಯನ್ನು ಒಡಲಲ್ಲಿ ಇರಿಸಿಕೊಂಡ ಶತಶೃಂಗಪರ್ವತದ ಅಂಚುರೇಖೆಯೊಡನೆ ಚಿತ್ರದ ಅಂಚುರೇಖೆಯನ್ನು ಸ್ಥಳದಲ್ಲಿ ನಿಂತು ತಾಳೆನೋಡಿ, ಶಿಖರಕ್ಕೆ ಶಿಖರ ಕೂಡಿದಲ್ಲಿ ಮಾತ್ರ ನಿರ್ಣಯ ಸಿದ್ಧಿಸುತ್ತದೆ. ಲಂಡನ್ನಿನಲ್ಲಿಯೋ ಟೊರಾಂಟೋದಲ್ಲಿಯೋ ಕುಳಿತವರಿಗೆ ಇದು ಅಸಾಧ್ಯ. ನಮ್ಮ ಜಿಲ್ಲೆಯ ಕಾಲೇಜಿನ ಒಬ್ಬ ವಿದ್ಯಾರ್ಥಿಗೆ ಒಂದು ಮಧ್ಯಾಹ್ನದ ಕೆಲಸ.

ನಾಲ್ಕನೆಯದು ನೆರಳು. ಕೋಲಾರ ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿಯೂ ಆಗಸ್ಟ್ ತಿಂಗಳ ಮೂರನೆಯ ವಾರದಲ್ಲಿಯೂ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯ ಮೇಲಿರುತ್ತಾನೆ. ಈ ಎರಡರ ನಡುವಣ ದಿನಗಳಲ್ಲಿ ನಡುಹಗಲ ನೆರಳು ದಕ್ಷಿಣಕ್ಕೆ, ಉಳಿದ ದಿನಗಳಲ್ಲಿ ಉತ್ತರಕ್ಕೆ. ಡಿಸೆಂಬರಿನಲ್ಲಿ ೧೦ ಅಡಿಯ ಕಂಬಕ್ಕೆ ನಡುಹಗಲಿನಲ್ಲಿಯೂ ೭ ಅಡಿಗೆ ಮಿಕ್ಕ ನೆರಳುಂಟು. ಜೂನ್ ತಿಂಗಳಲ್ಲಿ ೨ ಅಡಿಯೂ ಇಲ್ಲ. ಈಗ ೩೫೮ನೆಯ ದಳವು ಕೋಲಾರದಲ್ಲಿದ್ದಾಗಿನದು ಎಂದು ಹೇಳುವ ಚಿತ್ರವೊಂದನ್ನು ತೆಗೆದುಕೊಳ್ಳೋಣ. ಆ ದಳ ಇಲ್ಲಿದ್ದುದು ನವೆಂಬರಿನಿಂದ ಜನವರಿಯವರೆಗೆ. ಆ ಅವಧಿಯಲ್ಲಿ ಯಾವ ವಸ್ತುವಿನ ನೆರಳೂ ಅದರ ಎತ್ತರದ ಅರ್ಧಕ್ಕಿಂತ ಕಿರಿದಾಗದು. ಚಿತ್ರದಲ್ಲಿ ನಿಂತವರ ನೆರಳು ಅವರ ಪಾದದಲ್ಲಿಯೇ ಅಡಗಿದ್ದರೆ ಶೀರ್ಷಿಕೆಯನ್ನು ಒಪ್ಪಲಾಗದು. ದಳದ ಹೆಸರೋ ಸ್ಥಳವೋ ಎರಡರಲ್ಲಿ ಒಂದನ್ನು ಬಿಡಲೇಬೇಕು. ಚಿತ್ರದೊಡನೆ ಗಂಟೆಯನ್ನೂ ಬರೆದಿದ್ದರೆ ಇನ್ನೊಂದು ಲೆಕ್ಕ ಸೇರುತ್ತದೆ. ೧೯೪೨ರ ಸೆಪ್ಟೆಂಬರ್ ೧ರಿಂದ ೧೯೪೫ರ ಅಕ್ಟೋಬರ್ ೧೫ರವರೆಗೆ ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಆ ದಿನಗಳಲ್ಲಿ ಕೋಲಾರದ ನಡುಹಗಲು ಗಡಿಯಾರದ ಒಂದು ಗಂಟೆಯ ಆಸುಪಾಸಿಗೆ ಬರುತ್ತಿತ್ತು.

ಈ ನಾಲ್ಕು ಸಾಕ್ಷಿಗಳಲ್ಲಿ ಒಂದೊಂದೂ ದುರ್ಬಲವೇ. ನಾಲ್ಕೂ ಒಂದೇ ಮಾತನ್ನು ನುಡಿದಾಗ ಅದು ಬಲವಾದ ಪ್ರಮಾಣವಾಗುತ್ತದೆ. ಒಂದು ವಿರುದ್ಧವಾಗಿ ನುಡಿದರೂ ಶೀರ್ಷಿಕೆಯನ್ನು ತಡೆಹಿಡಿಯುವುದು ವಿಹಿತ.

೬

ಇಷ್ಟೆಲ್ಲ ಶ್ರಮವೇಕೆ, ಹಳೆಯ ವಿಮಾನದ ಪಟ ಕೋಲಾರದ್ದಾದರೇನು, ಬಂಗಾಳದ್ದಾದರೇನು ಎಂದು ಕೇಳುವವರುಂಟು. ಇದಕ್ಕೆ ನಮ್ಮ ಉತ್ತರವನ್ನು ಎರಡು ಮಾತಿನಲ್ಲಿ ಹೇಳುತ್ತೇವೆ.

ಒಂದು: ಒಂದು ಸೀಮೆಯ ಜನ ತಮ್ಮಲ್ಲಿ ನಡೆಯದ ಹಾರಾಟವನ್ನು ಹೆಮ್ಮೆಯಿಂದ ನೆನೆದು, ನಡೆದ ಹಾರಾಟವನ್ನು ಮರೆತರೆ, ಅದು ಕೇವಲ ಮಾಹಿತಿಯ ಕೊರತೆಯಲ್ಲ. ಪ್ರಮಾಣವನ್ನು ಅಳೆಯುವ ಕೋಲೇ ಡೊಂಕಾಗಿದೆಯೆಂಬುದರ ಲಕ್ಷಣ. ಆವಣಿಯ ಗುಹೆಯ ಕಥೆಯನ್ನು ಬಲ್ಲವರು ಅನೇಕರಿದ್ದಾರೆ. ಕೋಲಾರದಲ್ಲಿ ಹುಟ್ಟಿದ ೩೫೮ನೆಯ ದಳವನ್ನು ಬಲ್ಲವರು ವಿರಳ. ಕಥೆಗೆ ಚಿತ್ರ ಅಂದವಾಗಿ ಒದಗಿತು, ಘಟನೆಗೆ ಒದಗಲಿಲ್ಲ. ಇಷ್ಟೇ ಈ ವ್ಯತ್ಯಾಸಕ್ಕೆ ಕಾರಣ.

ಎರಡು: ಛಾಯಾಚಿತ್ರದಲ್ಲಿ ಹೆಸರಿಲ್ಲದವರ ಋಣ. ಯುದ್ಧಕಾಲದ ಭಾರತದ ವಿಮಾನಭೂಮಿಗಳ ಚಿತ್ರಗಳಲ್ಲಿ ಅಂಚಿಗೆ ಸರಿದು ಕಾಣುವವರುಂಟು: ತಲೆಯ ಮೇಲೆ ಜಲ್ಲಿಯ ಮಂಕರಿ ಹೊತ್ತ ಹೆಂಗಸರು, ಕಲ್ಲು ಒಡೆಯುವ ಗಂಡಸರು, ನೀರು ಹೊತ್ತು ನಿಂತ ಹುಡುಗರು. ವೈಮಾನಿಕರ ಹೆಸರುಗಳು ದಳದ ದಿನಚರಿಯಲ್ಲಿ ಸಿಗುತ್ತವೆ, ವಿಮಾನದ ಸಂಖ್ಯೆ ಕಾರ್ಖಾನೆಯ ಪಟ್ಟಿಯಲ್ಲಿ ಸಿಗುತ್ತದೆ. ಈ ಅಂಚಿನವರಿಗೆ ಇರುವ ದಾಖಲೆ ಆ ಚಿತ್ರದ ಅಂಚೇ. ಅಚ್ಚುಹಾಕುವವರು ವಿಮಾನವನ್ನು ದೊಡ್ಡದಾಗಿ ತೋರಿಸಲೆಂದು ಮೊದಲು ಕತ್ತರಿಸಿ ತೆಗೆಯುವುದೂ ಅದೇ ಅಂಚನ್ನು. ವೀರಗಲ್ಲಿನಲ್ಲಿ ವೀರನ ಹೆಸರಿದ್ದು ಕಲ್ಲುಕುಟಿಗನ ಹೆಸರಿಲ್ಲದಿರುವುದಕ್ಕೆ ನಾವು ಮರುಗುತ್ತೇವೆ. ಈ ಕಾಲದಲ್ಲಿ ನಮ್ಮ ಕೈಯಿಂದಲೇ ಅದೇ ಅನ್ಯಾಯ ನಡೆಯುವುದನ್ನು ಗಮನಿಸುವುದಿಲ್ಲ.

ಆದುದರಿಂದ ನಮ್ಮ ವಿಭಾಗದ ವಿದ್ಯಾರ್ಥಿಗಳೂ ಜಿಲ್ಲೆಯ ಇತಿಹಾಸಾಸಕ್ತರೂ ಈ ಕೆಲವು ನಿಯಮಗಳನ್ನು ಪಾಲಿಸಬೇಕೆಂದು ಸೂಚಿಸುತ್ತೇವೆ. ಚಿತ್ರವನ್ನು ಅಂಚು ಕತ್ತರಿಸದೆ ಪೂರ್ಣವಾಗಿ ಪ್ರಕಟಿಸಬೇಕು. ಚಿತ್ರದ ಬೆನ್ನಿನ ಬರಹವನ್ನೂ ಮೊಹರನ್ನೂ ಇದ್ದಂತೆ ಕೊಡಬೇಕು. ಮೂಲದ ಬರಹ ಎಲ್ಲಿ ಮುಗಿಯುತ್ತದೆ, ಸಂಪಾದಕನ ಊಹೆ ಎಲ್ಲಿ ಮೊದಲಾಗುತ್ತದೆ ಎಂಬುದು ಓದುಗನಿಗೆ ಒಂದೇ ನೋಟದಲ್ಲಿ ತಿಳಿಯುವಂತಿರಬೇಕು. ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಪರಂಪರೆಯನ್ನು ದಾಖಲಿಸಬೇಕು. ಎಲ್ಲಕ್ಕಿಂತ ಮೊದಲು, ಚಿತ್ರಗಳನ್ನು ಊರುಗಳಿಗೆ ಒಯ್ದು ಹಿರಿಯರ ಮುಂದಿಡಬೇಕು. ೧೯೪೪ರಲ್ಲಿ ಹದಿನೈದು ವರ್ಷದ ಹುಡುಗನಾಗಿದ್ದವನು ಈಗ ತೊಂಬತ್ತೈದನ್ನು ದಾಟಿದ ವೃದ್ಧ. ಬೆಟ್ಟದ ಅಂಚುರೇಖೆ ಮುಂದಿನ ಸಂಶೋಧಕನಿಗೂ ಕಾದಿರುತ್ತದೆ, ನೆರಳಿನ ಲೆಕ್ಕವನ್ನು ಯಾವಾಗ ಬೇಕಾದರೂ ಮಾಡಬಹುದು. ಆ ವೃದ್ಧನ ನೆನಪಿಗೆ ಅಷ್ಟು ಕಾಲಾವಕಾಶವಿಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೋಲಾರಗಳ ಹಳ್ಳಿಗಳಲ್ಲಿ ಈ ಕೆಲಸ ಇದೇ ವರ್ಷ ಆರಂಭವಾಗತಕ್ಕುದು.